ಹಿಟ್ಟಿನ ಕೋಳಿ, ಕಾಗದದ ನಾಯಿ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದು, ಔಷಧದಂಗಡಿಯ ಚೀಲದಿಂದ ನಲವತ್ತೆರಡು ಛಾಯಾಚಿತ್ರಗಳನ್ನು ತೆಗೆದು ಮೇಜಿನ ಮೇಲೆ ಹರಡಿದ. ಆತ ಬಂಗಾರಪೇಟೆಯಲ್ಲಿ ಅಂತಹುದೇ ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ, ಮನೆ ಮಾರಿಕುಪ್ಪದಲ್ಲಿ. ನಿತ್ಯ ರೈಲಿನಲ್ಲಿ ಓಡಾಡುವಾಗ, ರಜೆಯ ದಿನ ಊರು ಸುತ್ತುವಾಗ, ಮೊಬೈಲಿನಲ್ಲಿ ತೆಗೆದ ಚಿತ್ರಗಳಿವು. ಕಾಲೇಜಿನ ಸಭಾಂಗಣದಲ್ಲಿ ಎರಡು ದಿನ ಪ್ರದರ್ಶಿಸಲು ಅನುಮತಿ ಸಿಕ್ಕಿದೆಯಂತೆ. "ಸಾರ್, ಒಂದು ಪುಟ ಮುನ್ನುಡಿ ಬರೆದುಕೊಡಬೇಕು. ಅಡಿಬರಹದಲ್ಲಿ ತಪ್ಪಿದ್ದರೆ ತಿದ್ದಬೇಕು" ಎಂದ. ಮನೆಮಾತು ತಮಿಳಾದ ಹುಡುಗ. ಅವನ ಕನ್ನಡದಲ್ಲಿ ಅಲ್ಪಪ್ರಾಣ, ಮಹಾಪ್ರಾಣಗಳು ಈಗಲೂ ಒಂದರ ಮನೆಗೆ ಇನ್ನೊಂದು ಹೋಗಿಬರುತ್ತವೆ.

ಪದಗಳನ್ನು ತಿದ್ದುವುದು ನನ್ನ ವೃತ್ತಿ. ಚಿತ್ರಗಳ ಮುಂದೆ ನಾನು ಅನಕ್ಷರಸ್ಥ. ಆದರೂ ಮೇಷ್ಟರ ಚಪಲ ಬಿಡಬೇಕಲ್ಲ! "ಇದು ಓರೆಯಾಗಿದೆಯಲ್ಲಪ್ಪ" ಎಂದು ಮೊದಲ ಚಿತ್ರಕ್ಕೇ ಆಕ್ಷೇಪಿಸಿದೆ. "ರೈಲಿನ ಬಾಗಿಲಲ್ಲಿ ನಿಂತು ತೆಗೆದದ್ದು ಸಾರ್, ನಾನೇ ಓರೆಯಾಗಿದ್ದೆ" ಎಂದ. ಆಮೇಲೆ ನಾನು ಸುಮ್ಮನಾದೆ.

ಪ್ರದರ್ಶನದಲ್ಲಿ ಎಲ್ಲರೂ ಮೆಚ್ಚಲಿರುವುದು ಕೃಷ್ಣಮೃಗದ ಚಿತ್ರವನ್ನು. ಗಣಿ ಪ್ರದೇಶದ ಬಯಲಿನಲ್ಲಿ ಅವು ಇಂದಿಗೂ ಮೇಯುತ್ತವೆ ಎಂಬುದು ಹೊರಗಿನವರಿಗೆ ಆಶ್ಚರ್ಯ. ಚಿತ್ರ ಚೆನ್ನಾಗಿದೆ, ಕ್ಯಾಲೆಂಡರಿನಂತೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಸಯನೈಡ್ ಗುಡ್ಡದ ಮೇಲಿನ ಆಡುಗಳು. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿಗೆ ಬಂದಲ್ಲಿಂದ 2001ರ ಫೆಬ್ರವರಿ 28ರಂದು ಗಣಿ ಮುಚ್ಚುವವರೆಗೆ, ನೆಲದೊಳಗಿಂದ ತೆಗೆದ ಕಲ್ಲನ್ನು ಅರೆದು, ಚಿನ್ನವನ್ನು ಬೇರ್ಪಡಿಸಿ, ಉಳಿದ ಹುಡಿಯನ್ನು ಸುರಿದು ಸುರಿದು ಆದ ಗುಡ್ಡಗಳವು. ಮೂರು ಕಿಲೋಮೀಟರಿಗೂ ಆಳದ ಪಾತಾಳವೇ ತಲೆಕೆಳಗಾಗಿ ಊರ ಪಕ್ಕದಲ್ಲಿ ಕುಳಿತಂತೆ. ಗಾಳಿ ಎದ್ದರೆ ಆ ಹುಡಿ ನಮ್ಮ ಅನ್ನದ ತಟ್ಟೆಗೂ ಬರುತ್ತಿತ್ತು. ಚಿತ್ರದಲ್ಲಿ ಮಳೆ ಕೊರೆದ ಬೂದುಬಣ್ಣದ ಇಳಿಜಾರು. ಅದರ ಬಿರುಕೊಂದರಲ್ಲಿ ಬೆಳೆದ ಪೊದೆಗೆ ಮುಂಗಾಲೆತ್ತಿ ನಿಂತ ಆಡು. ನಾನು ಕಂಡ ಹಳೆಯ ಗಣಿಚಿತ್ರಗಳಲ್ಲೆಲ್ಲ ಯಂತ್ರಗಳು, ಬಂಗಲೆಗಳು, ಸಾಲಾಗಿ ನಿಂತ ಜನ. ಆಡು ಎಲ್ಲಿಯೂ ಇರಲಿಲ್ಲ. ಆಡುಗಳು ಆಗಲೂ ಇದ್ದವು, ಅವುಗಳತ್ತ ಕ್ಯಾಮೆರಾ ತಿರುಗಿಸಿದವರಿರಲಿಲ್ಲ.

ಬಂಗಾರಪೇಟೆಯ ಪಾನಿಪುರಿ ಗಾಡಿಯದೂ ಒಂದಿದೆ. ನಮ್ಮೂರ ಪಾನಿಗೆ ಬಣ್ಣವಿಲ್ಲ, ಬಾವಿಯ ನೀರಿನಂತೆ ತಿಳಿ. ಖಾರ ಮಾತ್ರ ನಾಲಗೆಗೆ ಗೊತ್ತು. ಹುಡುಗ ಮಾರುವವನ ಮುಖ ಬಿಟ್ಟು, ನೀರಿನಲ್ಲಿ ಅದ್ದಿದ ಬೆರಳುಗಳನ್ನಷ್ಟೇ ಹಿಡಿದಿದ್ದಾನೆ.

ಮೂವತ್ತೊಂದನೆಯದು ನಾಯಿಯ ಚಿತ್ರ. ಗಣಿ ಕಾರ್ಮಿಕರ ಲೈನ್ ಮನೆ, ತಗಡಿನ ಮಾಡು, ಬೀಗ ಹಾಕಿದ ಬಾಗಿಲು. ಹೊಸ್ತಿಲ ಮುಂದೆ ಮೂತಿಯನ್ನು ಕಾಲಿನ ಮೇಲಿಟ್ಟು ಮಲಗಿದ ಕಂದುನಾಯಿ. ಅಡಿಬರಹ: "ಕಾಯುತ್ತಿರುವ ನಾಯಿ." ಪೆನ್ನು ತೆಗೆದುಕೊಂಡೆ. "ಕಾಯುತ್ತಿದೆ ಎಂದು ನಿನಗೆ ಹೇಗೆ ಗೊತ್ತು? ನೆರಳಿದೆ, ಮಲಗಿದೆ. ನಮ್ಮ ಭಾವವನ್ನು ಮೂಕಪ್ರಾಣಿಯ ಮೇಲೆ ಹೊರಿಸಬಾರದು" ಎಂದೆ. ಹುಡುಗ ತಲೆಯಾಡಿಸಿದ. "ನಾಯಿ, ಬೆಳಿಗ್ಗೆ, ಲೈನ್ ಮನೆ" ಎಂದು ಬರೆದುಕೊಟ್ಟೆ.

ಆ ರಾತ್ರಿ ನಿದ್ರೆ ಬರಲಿಲ್ಲ. ಗಣಿ ಮುಚ್ಚಿದ ವರ್ಷವೇ ನಮ್ಮ ತಂದೆ ತಾಯಿ ಬಂಗಾರಪೇಟೆಯ ಬಾಡಿಗೆ ಮನೆಗೆ ಬಂದರು. ನಾಯಿ ಕೂಡದೆಂದು ಮನೆಯೊಡೆಯರು ಮೊದಲೇ ಹೇಳಿದ್ದರು. ನಮ್ಮ ರಾಜ ಸಾಮಾನಿನ ಲಾರಿಯ ಹಿಂದೆ ರಸ್ತೆಯ ತಿರುವಿನವರೆಗೆ ಓಡಿಬಂದು ನಿಂತ. ಪಕ್ಕದ ಮನೆಯ ಅಕ್ಕ ಅನ್ನ ಹಾಕುತ್ತೇನೆಂದಿದ್ದರು. ತಂದೆಯವರು ನಾಲ್ಕೈದು ಭಾನುವಾರ ರೈಲಿನಲ್ಲಿ ಹೋಗಿ ನೋಡಿ ಬಂದರು. ಒಂದು ಭಾನುವಾರ ಬೇಗನೆ ಹಿಂದಿರುಗಿ, ಮತ್ತೆ ಹೋಗಲಿಲ್ಲ. ನಾವೂ ಕೇಳಲಿಲ್ಲ. ಆಗ ನಾನು ಮೂವತ್ತು ದಾಟಿದ್ದವನು, ಸಂಬಳ ತರುತ್ತಿದ್ದವನು. ನಾಯಿಗೆ ಒಪ್ಪುವ ಮತ್ತೊಂದು ಮನೆ ಹುಡುಕಬಹುದಿತ್ತು. ಪ್ರೌಢಪ್ರಬಂಧದ ಕೊನೆಯ ಅಧ್ಯಾಯ ಬಾಕಿಯಿದೆ ಎಂಬುದು ನನ್ನ ನೆಪ.

ಜನ್ನನ ಯಶೋಧರ ಚರಿತೆಯನ್ನು ಎಷ್ಟು ತಂಡಗಳಿಗೆ ಪಾಠ ಹೇಳಿದ್ದೇನೋ ಲೆಕ್ಕವಿಲ್ಲ. ಜೀವವಿರುವ ಕೋಳಿಯನ್ನು ಕೊಲ್ಲಲೊಲ್ಲದ ಅರಸ, ತಾಯಿಯ ಮಾತಿಗೆ ಕಟ್ಟುಬಿದ್ದು ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಆ ಹಿಟ್ಟೇ ಕೂಗಿಬಿಡುತ್ತದೆ. ಅದರ ಫಲವಾಗಿ ತಾಯಿ ಮಗ ನಾಯಿ, ನವಿಲು ಮೊದಲಾಗಿ ಜನ್ಮಜನ್ಮಾಂತರಗಳಲ್ಲಿ ತೊಳಲುತ್ತಾರೆ. ಸಂಕಲ್ಪಹಿಂಸೆ ಎಂಬ ಪದವನ್ನು ಹಲಗೆಯ ಮೇಲೆ ಬರೆದು, ಕೆಳಗೆ ಗೆರೆ ಎಳೆದು, ಪರೀಕ್ಷೆಗೆ ಐದು ಅಂಕಕ್ಕೆ ಬರುತ್ತದೆ ಎಂದು ಹೇಳುತ್ತ ಬಂದವನು ನಾನು. ಕೊಲ್ಲದೆ, ಬಡಿಯದೆ, ಸುಮ್ಮನೆ ಲಾರಿ ಹತ್ತಿ ಹೋದದ್ದನ್ನು ಯಾವ ಹೆಸರಿನಿಂದ ಕರೆಯಬೇಕೆಂದು ಯಾವ ತರಗತಿಯಲ್ಲೂ ಒಬ್ಬ ವಿದ್ಯಾರ್ಥಿ ಕೇಳಲಿಲ್ಲ.

ಮರುದಿನ ಹುಡುಗನಿಗೆ ದೂರವಾಣಿ ಮಾಡಿದೆ. "ಆ ನಾಯಿ ಆ ಮನೆಯದೇ ಏನಪ್ಪ?"

"ಗೊತ್ತಿಲ್ಲ ಸಾರ್. ಮೂರು ದಿನ ಬೆಳಿಗ್ಗೆ ಹೋದೆ, ಮೂರು ದಿನವೂ ಅಲ್ಲೇ ಇತ್ತು. ಅದಕ್ಕೇ ಹಾಗೆ ಬರೆದಿದ್ದೆ."

ಅವನು ನೋಡಿದ್ದು ಮೂರು ಬೆಳಿಗ್ಗೆ. ನಾನು ನೋಡಿದ್ದು ಅಡಿಬರಹ. ನಿನ್ನ ಮಾತೇ ಇರಲಿ ಎಂದೆ. ಅಷ್ಟರಲ್ಲಿ ಅವನು ನನ್ನ ಅಕ್ಷರಗಳಲ್ಲೇ ಅಚ್ಚು ಹಾಕಿಸಿ ರಟ್ಟಿಗೆ ಅಂಟಿಸಿಯಾಗಿತ್ತು. "ಪರವಾಗಿಲ್ಲ ಸಾರ್, ನೀವು ತಿದ್ದಿದ್ದೇ ಚೆನ್ನಾಗಿದೆ" ಎಂದ. ಮುನ್ನುಡಿಯ ಪುಟ ಇನ್ನೂ ಬರೆಯಬೇಕು. ಪ್ರದರ್ಶನ ಬರುವ ಗುರುವಾರ.