ಚಂದಾ ನಿಂತ ಮೇಲೆ

ಮಂಡಿನೋವಿನಿಂದ ಅಂಗಳದಲ್ಲಿ ಬಗ್ಗಲಾಗದ ದಿನಗಳಲ್ಲಿ ನನ್ನ ಮಡದಿ ಗಣಕಯಂತ್ರದ ಮೇಲೆ ರಂಗೋಲಿ ಬರೆಯುವುದನ್ನು ಕಲಿತಳು. ತಿಂಗಳ ಚಂದಾ ಕಟ್ಟುವ ತಂತ್ರಾಂಶವನ್ನು ಮಗ ಹಾಕಿಕೊಟ್ಟಿದ್ದ. ಅವಳು ತೀರಿಕೊಂಡ ಬಳಿಕ ಇನ್ನೇಕೆಂದು ನಾನೇ ಚಂದಾ ನಿಲ್ಲಿಸಿದೆ. ವರ್ಷಾಬ್ದಿಕಕ್ಕೆ ಒಂದು ರಂಗೋಲಿಯನ್ನು ಮುದ್ರಿಸಹೊರಟರೆ ತಂತ್ರಾಂಶ ತೆರೆಯಲೇ ಇಲ್ಲ! ಕಡತಗಳೆಲ್ಲ ಮನೆಯಲ್ಲೇ ಇದ್ದವು, ಕೀಲಿಕೈ ಇರಲಿಲ್ಲ. ತಪ್ಪು ನನ್ನದೇ.

ಮತ್ತೊಂದು ತಿಂಗಳ ಹಣ ಕಟ್ಟಿ, ಹಳೆಯ ಶಿಷ್ಯನೊಬ್ಬನನ್ನು ಕೂರಿಸಿಕೊಂಡು ಎಲ್ಲವನ್ನೂ ಎಸ್‌ವಿಜಿ, ಪಿಡಿಎಫ್ ಎರಡೂ ರೂಪಗಳಲ್ಲಿ ಉಳಿಸಿದೆ. ಎಸ್‌ವಿಜಿ 2001ರಿಂದ, ಪಿಡಿಎಫ್ 2008ರಿಂದ ಮುಕ್ತ ಮಾನಕಗಳು. ಯಾವುದೇ ಒಂದು ಸಂಸ್ಥೆಯ ಹಂಗಿನಲ್ಲಿಲ್ಲ. ಪಿಡಿಎಫ್ ಮುದ್ರಣಕ್ಕೆ ಸಾಕು. ಆದರೆ ಗೆರೆ ತಿದ್ದಬೇಕೆನ್ನುವವರಿಗೆ ಎಸ್‌ವಿಜಿಯೇ ಅನುಕೂಲ; ಉಚಿತವಾದ ಇಂಕ್‌ಸ್ಕೇಪಿನಲ್ಲಿ ಅದನ್ನು ತೆರೆಯಬಹುದು. ಚಿತ್ರ ಬರೆಯುವ ಮಿತ್ರರು ಚಂದಾ ನಿಲ್ಲಿಸುವ ಮುನ್ನವೇ ಈ ಕೆಲಸ ಮುಗಿಸಿಕೊಳ್ಳಿ. ಹೊಸ ಆವೃತ್ತಿಗೆ ಹೋಗುವಾಗಲೂ ಅಷ್ಟೆ: ಹೊಸದರಲ್ಲಿ ಉಳಿಸಿದ ಕಡತ ಹಳೆಯದರಲ್ಲಿ ತೆರೆಯದಿರಬಹುದು, ಮೂಲಪ್ರತಿಯನ್ನು ಬೇರೆಡೆ ಇರಿಸಿರಿ.

ಕೊನೆಯ ನವಿಲು ಅರ್ಧಕ್ಕೇ ನಿಂತಿದೆ. ಪೂರ್ತಿ ಮಾಡಲೇ ಸಾರ್, ಎಂದ ಶಿಷ್ಯ. ಬೇಡವೆಂದೆ. ಅದನ್ನೂ ಹಾಗೆಯೇ ಉಳಿಸಿದೆವು.