ಹಾಡಿದವನ ಹೆಸರು

ವಿಕ್ಸಮ್‌ನಿಂದ ಡೆಟ್ರಾಯಿಟ್‌ಗೆ ಹೋಗೋ ದಾರೀಲಿ ಮೊನ್ನೆ ಕಾರಲ್ಲಿ 'ಐ ವಾಂಟ್ ಎ ಲಿಟಲ್ ಗರ್ಲ್' ಹಾಕಿದ್ದೆ. 1930ರದ್ದು. ನುಡಿಸಿದ್ದು ಮೆಕಿನ್ನೀಸ್ ಕಾಟನ್ ಪಿಕರ್ಸ್, ವುಡ್‌ವರ್ಡ್ ಅವೆನ್ಯೂನ ಗ್ರೇಸ್ಟೋನ್ ಬಾಲ್‌ರೂಮಿನಲ್ಲಿ ಜನರನ್ನು ಕುಣಿಸುತ್ತಿದ್ದ ಕಪ್ಪುಜನರ ಬ್ಯಾಂಡ್.

"ಯಾರಪ್ಪಾ ಹಾಡ್ತಿರೋದು?" ಅಂದಳು ಮಗಳು.

ಆಪ್‌ನಲ್ಲಿ ಬ್ಯಾಂಡಿನ ಹೆಸರಷ್ಟೇ ಇತ್ತು. ಆಗಿನ ರೆಕಾರ್ಡುಗಳ ಲೇಬಲ್ಲೂ ಎಷ್ಟೋ ಸಲ ಹಾಗೇ. ಹಾಡಿದವನು ಸ್ಯಾಕ್ಸೊಫೋನ್ ವಾದಕ ಜಾರ್ಜ್ ಥಾಮಸ್. ಬ್ಯಾಂಡು ವಿಕ್ಟರ್ ಕಂಪನಿಗೆ ರೆಕಾರ್ಡ್ ಮಾಡಲು ಶುರುಮಾಡಿದ್ದು 1928ರಲ್ಲಿ. 1930ರಲ್ಲೇ ಅವನು ಕಾರು ಅಪಘಾತದಲ್ಲಿ ತೀರಿಕೊಂಡ. ಅದೇ ವರ್ಷ ಮೈಸೂರಿನಲ್ಲಿ ಕಣ್ಮುಚ್ಚಿದ ಗೌಹರ್ ಜಾನ್ ಜಾಣೆ, ಹಾಡು ಮುಗಿಯುತ್ತಲೇ ತನ್ನ ಹೆಸರು ತಾನೇ ಕೂಗಿಬಿಡೋಳು!

ಡೇಟಾದಲ್ಲಿ ಖಾಲಿ ಕಾಲಂ ತುಂಬಿಸೋದೇ ನನ್ನ ನೌಕರಿ. ಅಜ್ಜಿಯ ಹಸೆ ಹಾಡಿನ ಕ್ಯಾಸೆಟ್ ಫೈಲಿಗೆ ಮಾತ್ರ ಇನ್ನೂ 'ಟ್ರ್ಯಾಕ್ 1' ಅಂತಲೇ ಹೆಸರು. ಅಜ್ಜಿ ಜೊತೆಗಿರೋ ಇನ್ನೊಂದು ದನಿ ಯಾರದು ಅಂತ ಅಮ್ಮನಿಗೆ ಇವತ್ತೇ ಫೋನ್ ಮಾಡ್ತೀನಿ.