ಮೂಲ ಎಂಜಿನ್ ಎಲ್ಲಿ ಸ್ವಾಮಿ?

ಹಳೇ ಕಾರುಗಳ ಭಾನುವಾರದ ಮೇಳ ಎಂದರೆ ನಮ್ಮಲ್ಲಿ ಇನ್ನೂ ಬೆಂಗಳೂರು, ಮೈಸೂರಿನ ಮಾತೇ. ಸಾಲಾಗಿ ನಿಂತ ರೋಲ್ಸ್ ರಾಯ್ಸ್, ಬ್ಯೂಕ್, ಆಸ್ಟಿನ್‌ಗಳು, ಪಕ್ಕದಲ್ಲಿ ಪೇಟ ಸುತ್ತಿಕೊಂಡ ಮಾಲೀಕರು, ಬಾನೆಟ್ಟಿಗೆ ಬೆರಳು ತಾಗಿದರೆ ಗದರುವ ಡ್ರೈವರು. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯಕ್ಕೋ ಶ್ರೀರಂಗಪಟ್ಟಣದ ಬಳಿಯ ‘ಪಯಣ’ಕ್ಕೋ ಹೋದವರು ಇಂಥ ಕಾರುಗಳನ್ನು ಕಣ್ತುಂಬ ನೋಡಿರುತ್ತಾರೆ. ಆ ಸಂಗ್ರಹಗಳ ಬಗ್ಗೆ ತಕರಾರಿಲ್ಲ. ನನ್ನ ತಕರಾರು ಮೇಳಗಳು ಕೇಳುವ ಮೊದಲ ಪ್ರಶ್ನೆಯದು: ಎಲ್ಲ ಮೂಲದ್ದೇ ಇದೆಯಾ? ಈ ಪ್ರಶ್ನೆ ಹಿಡಿದು ಹೊಳಲ್ಕೆರೆಯಂಥ ಊರಿಗೆ ಬಂದರೆ ಪಾಸಾಗುವ ಗಾಡಿ ಸಿಗುವುದು ಕಷ್ಟ. ಹಾಗೆಂದು ಇಲ್ಲಿ ಗಾಡಿಗಳ ಚರಿತ್ರೆಯೇ ಇಲ್ಲ ಎನ್ನಲಾದೀತೇ? ಬಯಲುಸೀಮೆಯಲ್ಲಿ ಆ ಚರಿತ್ರೆ ಬದಲಾದ ಭಾಗಗಳಲ್ಲೇ ಕೂತಿದೆ ಎಂಬುದು ನನ್ನ ವಾದ.

ಕಾನೂನೂ ಮೇಳಗಳ ಕಡೆಗೇ ಇದೆ. 2021ರ ಜುಲೈಯಲ್ಲಿ ಕೇಂದ್ರದ ಸಾರಿಗೆ ಸಚಿವಾಲಯ ವಿಂಟೇಜ್ ವಾಹನಗಳಿಗೆಂದೇ ನಿಯಮ ಹೊರಡಿಸಿತು. ಗಾಡಿಗೆ 50 ವರ್ಷ ದಾಟಿರಬೇಕು, ಬಾಡಿಗೆಗೆ ಓಡುವಂಥದ್ದಾಗಿರಬಾರದು, ಷಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಒಪ್ಪಿಗೆಯಾದರೆ 20,000 ರೂಪಾಯಿ ಕಟ್ಟಿ ‘ವಿ.ಎ.’ ಅಕ್ಷರಗಳಿರುವ ನಂಬರು ಪಡೆಯಬಹುದು. ಅದು 10 ವರ್ಷ ನಡೆಯುತ್ತದೆ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ರಿಪೇರಿ, ಪೆಟ್ರೋಲು ಇಷ್ಟಕ್ಕಷ್ಟೇ ರಸ್ತೆಗಿಳಿಯಬಹುದು. ಷೆಡ್ಡಿನಲ್ಲಿ ಹತ್ತು ಕಾರು ಇಟ್ಟವರಿಗೆ ಇದು ಅನುಕೂಲವೇ. ಇರುವ ಒಂದೇ ಜೀಪಿನಲ್ಲಿ ತೋಟಕ್ಕೂ ಸಂತೆಗೂ ಹೋಗಿಬರುವವನಿಗೆ ಇದರಿಂದೇನು ಬಂತು?

ಆ ಜೀಪಿನ ಎಂಜಿನ್ ಏಕೆ ಬದಲಾಯಿತು ಎಂದು ವಿಚಾರಿಸಿದರೆ ದೇಶದ ಅರ್ಥಶಾಸ್ತ್ರವೇ ಬಾಯಿ ಬಿಡುತ್ತದೆ. ಸ್ವಾತಂತ್ರ್ಯ ಬಂದ ಮೇಲೆ ವಿದೇಶಿ ಕಾರುಗಳ ಆಮದಿಗೆ ಕಡಿವಾಣ ಬಿತ್ತು. ಅಂಬಾಸಿಡರ್ ಅಥವಾ ಫಿಯೆಟ್ ಬೇಕೆಂದರೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಇದ್ದ ಗಾಡಿಯನ್ನು ಬದುಕಿಸಿಕೊಳ್ಳದೆ ಬೇರೆ ದಾರಿ ಇರಲಿಲ್ಲ. 1973ರ ತೈಲ ಬಿಕ್ಕಟ್ಟಿನ ನಂತರ ಪೆಟ್ರೋಲು ಕೈಗೆಟುಕದಾದಾಗ ಪೆಟ್ರೋಲ್ ಜೀಪಿಗೆ ಡೀಸೆಲ್ ಎಂಜಿನ್ ಕೂರಿಸುವುದು ಗ್ಯಾರೇಜುಗಳ ದೊಡ್ಡ ಕಸುಬಾಯಿತು; ಮಟಡೋರ್ ಎಂಜಿನ್ನಿಗೆ ಭಾರೀ ಬೇಡಿಕೆ. ಅಡಿಕೆ, ಶೇಂಗಾ ಮೂಟೆ ಹೊರಲು ಕಮಾನಿಗೆ ಇನ್ನೊಂದು ಪಟ್ಟಿ ಸೇರಿತು. ಸಿಗದ ಬುಷ್ಷನ್ನು ಲೇತಿನಲ್ಲಿ ಕಡೆದರು, ಸವೆದ ಸಿಲಿಂಡರಿಗೆ ಬೋರ್ ಹೊಡೆಸಿ ದಪ್ಪ ಪಿಸ್ಟನ್ ಹಾಕಿದರು. ಬೇಸಿಗೆಯ ಮಧ್ಯಾಹ್ನ ಫಿಯೆಟ್ ಕಾರು ದಾರಿಯಲ್ಲಿ ಕೆಮ್ಮಿ ನಿಂತರೆ ಡ್ರೈವರಿಗೆ ಗೊತ್ತು, ಪೆಟ್ರೋಲು ಕಾದು ಆವಿಯಾಗಿ ಏರ್ ಲಾಕ್ ಆಗಿದೆ. ಬಾನೆಟ್ ಎತ್ತುತ್ತಾನೆ, ಪೆಟ್ರೋಲು ಎಳೆಯುವ ಎ.ಸಿ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುತ್ತಾನೆ, ಒಂದು ಬೀಡಿ ಮುಗಿಯುವಷ್ಟು ಹೊತ್ತು ಕಾದು ಸೆಲ್ಫ್ ಹೊಡೆಯುತ್ತಾನೆ. ಪ್ರದರ್ಶನದ ಕಾರ್ಡಿನಲ್ಲಿ ಕುದುರೆಶಕ್ತಿ ಎಷ್ಟೆಂದು ಬರೆದಿರುತ್ತಾರೆ. ಈ ಬಟ್ಟೆಯ ಸುದ್ದಿ ಇರುವುದಿಲ್ಲ. ಇನ್ನು ಕಂಪನಿಗಳಾದರೂ ಮೂಲಕ್ಕೆ ಅಂಟಿಕೊಂಡು ಕೂತವೇ? ಮಾರಿಸ್ ಆಕ್ಸ್‌ಫರ್ಡ್‌ನಿಂದ ಹುಟ್ಟಿದ ಅಂಬಾಸಿಡರ್ 2014ರಲ್ಲಿ ನಿಲ್ಲುವ ತನಕ ಹೊರಗಿನ ಆಕಾರವನ್ನು ಹೆಚ್ಚೂಕಡಿಮೆ ಹಾಗೇ ಉಳಿಸಿಕೊಂಡಿತು. ಒಳಗೆ ಮಾತ್ರ 1489 ಸಿ.ಸಿ. ಪೆಟ್ರೋಲ್ ಎಂಜಿನ್ ಇತ್ತು, ಡೀಸೆಲ್ ಬಂತು, ಇಸುಜು ಬಂತು. ಕಂಪನಿ ಬದಲಿಸಿದರೆ ಸುಧಾರಣೆ, ಗ್ಯಾರೇಜಿನ ಮೇಸ್ತ್ರಿ ಬದಲಿಸಿದರೆ ಕಲಬೆರಕೆ! ಕೌದಿಯನ್ನು ನೋಡಿ ಮೂಲ ಸೀರೆ ಯಾವುದೆಂದು ಕೇಳಿದ ಹಾಗಾಯಿತು.

ಇದನ್ನು ಒಪ್ಪದವರ ಮಾತಿನಲ್ಲೂ ಹುರುಳಿದೆ. ಮೂಲ ಎಂಬ ಗೆರೆ ಅಳಿಸಿದರೆ ಗುಜರಿಯಲ್ಲಿ ಜೋಡಿಸಿದ್ದೆಲ್ಲ ವಿಂಟೇಜ್ ಆಗುತ್ತದೆ, ಸುಳ್ಳು ದಾಖಲೆಯ ವ್ಯಾಪಾರ ಶುರುವಾಗುತ್ತದೆ ಎನ್ನುತ್ತಾರೆ. ನಿಜ. ಅದಕ್ಕೇ ಗೆರೆ ಅಳಿಸಿ ಎನ್ನುತ್ತಿಲ್ಲ, ಎರಡನೆಯ ಸಾಲು ಹಾಕಿ ಎನ್ನುತ್ತಿದ್ದೇನೆ. ಬದಲಾದ ಗಾಡಿ ಬೇರೆ ನಿಲ್ಲಲಿ. ಯಾವ ವರ್ಷ, ಯಾವ ಭಾಗ, ಯಾವ ಕಾರಣಕ್ಕೆ ಬದಲಾಯಿತೆಂಬುದನ್ನು ಆರ್.ಸಿ. ಪುಸ್ತಕದ ಸಮೇತ ತೋರಿಸಲಿ. ದಾಖಲೆಯಿಲ್ಲದಿದ್ದರೆ ಮನೆಗೆ ಹೋಗಲಿ. ಹೊಗೆಯ ಆಕ್ಷೇಪ ಇನ್ನೂ ಗಟ್ಟಿ. ಹಳೇ ಡೀಸೆಲ್ ಎಂಜಿನ್ನಿನ ಹೊಗೆಯನ್ನು ಸಮರ್ಥಿಸಲು ನನಗೆ ಬಾಯಿಲ್ಲ. ವರ್ಷಕ್ಕೆ ಎರಡು ಭಾನುವಾರದ ಓಟಕ್ಕೆ ಊರು ಕಪ್ಪಾಗುವುದಿಲ್ಲ ಎನ್ನಬಹುದು, ನಾಝಲ್ ಸರಿಮಾಡಿಸಿಕೊಂಡು ಬರಬೇಕೆಂಬ ಷರತ್ತು ಹಾಕಬಹುದು. ಅದಕ್ಕಿಂತ ಮುಂದೆ ನನ್ನ ವಾದ ಹೋಗದು. ಶ್ರೀಮಂತರ ಶೋಕಿ ಎಂಬ ಮೂರನೆಯ ದೂರು ಮಾತ್ರ ಎರಡನೆಯ ಸಾಲು ಬಂದ ದಿನವೇ ಅರ್ಧ ಬಿದ್ದುಹೋಗುತ್ತದೆ.

ಇಂಥ ಮೇಳ ನಮಗೆ ಹೊಸದೂ ಅಲ್ಲ. ಆಯುಧಪೂಜೆಯ ದಿನ ಲಾರಿ, ಟ್ರ್ಯಾಕ್ಟರು, ಲೂನಾ ಎಲ್ಲವೂ ತೊಳೆಸಿಕೊಂಡು ಬಾಳೆಕಂದು ಕಟ್ಟಿಸಿಕೊಂಡು ನಿಲ್ಲುತ್ತವೆ. ಚಕ್ರದಡಿಯ ನಿಂಬೆಹಣ್ಣು ಮೂಲ ಎಂಜಿನ್ ಎಲ್ಲಿ ಎಂದು ಕೇಳುವುದಿಲ್ಲ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ, ಯೆಜ್ಡಿ ಪ್ರಿಯರು ಸೇರುತ್ತಾರಲ್ಲ, ಅಲ್ಲಿ ನೋಡಿ: ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಹಾಕಿದೆ, ಆದರೂ ಕಿಕ್ಕರನ್ನೇ ಗೇರ್ ಲಿವರ್ ಮಾಡಿಕೊಂಡ ಆ ಬೈಕುಗಳು ಬಡಬಡಿಸುತ್ತ ಬರುತ್ತವೆ. ಮಧ್ಯಮ ವರ್ಗದ ಗಾಡಿ, ಮಧ್ಯಮ ವರ್ಗದವರದೇ ಮೇಳ. ಹೊಳಲ್ಕೆರೆಗೆ ಅಂಥದ್ದೊಂದು ಏಕೆ ಬೇಡ? ಲಾರಿಗಳು ನುಗ್ಗುವ ಪುಣೆ-ಬೆಂಗಳೂರು ಹೆದ್ದಾರಿ ಗಂಟೆಗೆ 40 ಕಿ.ಮೀ. ಓಡುವ ಗಾಡಿಗಳಿಗೆ ಹೇಳಿಸಿದ್ದಲ್ಲ. ಚಿತ್ರದುರ್ಗದಲ್ಲಿ ಹೊರಟು ಶಿವಮೊಗ್ಗದ ರಸ್ತೆ ಹಿಡಿದು, ಹೊಳಲ್ಕೆರೆಯ ಬಯಲು ಗಣಪತಿಯ ಎದುರು ಕಾಯಿ ಒಡೆದು, ಮಲ್ಲಾಡಿಹಳ್ಳಿಯ ಆಶ್ರಮದ ತನಕ ಹೋಗಿಬರಬಹುದು. ತೀರ್ಪುಗಾರರ ಕುರ್ಚಿಗಳಲ್ಲಿ ಒಂದನ್ನಾದರೂ ಗ್ಯಾರೇಜಿನ ಮೇಸ್ತ್ರಿಗೆ ಬಿಡಬೇಕು. ಆತ ಮೊದಲು ಬಾನೆಟ್ ಎತ್ತಿಸುತ್ತಾನೆ, ಬಣ್ಣ ಆಮೇಲೆ ನೋಡುತ್ತಾನೆ.